ತಿಪ್ಪೇಸ್ವಾಮಿಯ ಮಗನ ಫೋಟೋ

ನಮ್ಮ ದೇಶದಲ್ಲಿ ಯಾರನ್ನೂ ಬಲವಂತವಾಗಿ ಸೈನ್ಯಕ್ಕೆ ಸೇರಿಸುವುದಿಲ್ಲ ಎಂದು ಓದಿದವರು ಹೇಳುತ್ತಾರೆ. ದೇಶದ ಮಾತು ನನಗೆ ಗೊತ್ತಿಲ್ಲ. ನ್ಯಾಮತಿಯ ನಮ್ಮ ಮನೆಯಲ್ಲಂತೂ ಕಡ್ಡಾಯ ಸೈನ್ಯಸೇವೆ ಜಾರಿಯಲ್ಲಿತ್ತು. ಪಿಯುಸಿಯಲ್ಲಿ ನಾನು ಎರಡನೇ ಸಲ ಡುಮ್ಕಿ ಹೊಡೆದ ದಿನ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯನ್ನು ಒರೆಸುತ್ತಾ, "ನಾಳೆ ಶಿವಮೊಗ್ಗದಾಗೆ ಮಿಲ್ಟ್ರಿಗೆ ಆಳು ತಗಂತಾರಂತೆ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗು. ಓಡಾಕೆ, ಎದೆ ಉಬ್ಬಿಸಾಕೆ ಬಂದ್ರೆ ಸಾಕಂತೆ, ಓದೇನೂ ಕೇಳಾಕಿಲ್ಲ" ಎಂದರು. ಪರೀಕ್ಷೆಯಲ್ಲಿ ಹೆಸರು ಬರಲಿ ಎಂದು ಹರಕೆ ಹೊತ್ತಿದ್ದ ಅಮ್ಮ, ಈಗ ಸೈನ್ಯದ ಪಟ್ಟಿಯಲ್ಲಿ ಹೆಸರು ಬಾರದಿರಲಿ ಎಂದು ಅದೇ ದೇವರಿಗೆ ಇನ್ನೊಂದು ಹರಕೆ ಹೊತ್ತಳು. ದೇವರು ಎರಡನ್ನೂ ತಿರುವುಮುರುವಾಗಿ ಕೇಳಿಸಿಕೊಂಡ. ಟೇಪು ಹಿಡಿದ ಸರ್ದಾರ್ಜಿ ನನ್ನ ಎದೆಯನ್ನು ಅಳೆದು, ಬೆನ್ನ ಮೇಲೊಂದು ಗುದ್ದು ಕೊಟ್ಟು, ಪಾಸು ಎಂದ. ನನ್ನ ಜೀವಮಾನದಲ್ಲಿ ಓದದೆ ಪಾಸಾದ ಪರೀಕ್ಷೆ ಅದೊಂದೇ. ಓದಿ ಪಾಸಾದದ್ದೂ ಹೆಚ್ಚೇನಿಲ್ಲ, ಆ ಮಾತು ಬಿಡಿ.

ಸೈನ್ಯ ಎಂದರೆ ಬಂದೂಕು, ಗುಂಡು, ಎದುರಿಗೆ ವೈರಿ ಎಂದುಕೊಂಡು ಹೋದ ನನಗೆ ರಾಜಸ್ಥಾನದ ಮರಳಿನಲ್ಲಿ ಸಿಕ್ಕಿದ್ದು ಬ್ರಷ್ಷು ಮತ್ತು ಸುಣ್ಣದ ಡಬ್ಬ. ದಾರಿಯ ಬದಿಯ ಕಲ್ಲುಗಳಿಗೆ ಸುಣ್ಣ, ಮರದ ಬುಡಕ್ಕೆ ಕಾವಿ, ಬೂಟಿಗೆ ಪಾಲಿಶು, ಗಲ್ಲಕ್ಕೆ ದಿನಾ ಬ್ಲೇಡು. ವೈರಿಗಾಗಿ ಕಾದು ಕೂತ ನಮ್ಮ ಬಳಿಗೆ ಬರುತ್ತಿದ್ದವರು ಇನ್ಸ್‌ಪೆಕ್ಷನ್ನಿನ ಸಾಹೇಬರು ಮಾತ್ರ. ವೈರಿಯಾದರೆ ಗಡಿಯ ಒಂದೇ ಕಡೆಯಿಂದ ಬರುತ್ತಾನೆ. ಸಾಹೇಬರು ಯಾವ ಕಡೆಯಿಂದ ಬೇಕಾದರೂ ಬರುತ್ತಿದ್ದರು. ಇಂಥ ಬದುಕಿನಲ್ಲಿ ರಜೆ ಎಂಬ ಎರಡಕ್ಷರಕ್ಕೆ ಎಷ್ಟು ತೂಕ ಎಂಬುದು ಭಾನುವಾರ ಬಂತೆಂದರೆ ಸಲೀಸಾಗಿ ರಜೆ ಪಡೆಯುವ ಗುಮಾಸ್ತರಿಗೆ ತಿಳಿಯುವುದಿಲ್ಲ. ರಜೆ ಮಂಜೂರಾದವನನ್ನು ಉಳಿದವರು ಮದುಮಗನನ್ನು ನೋಡುವಂತೆ ನೋಡುತ್ತಾರೆ. ಅವನ ಟ್ರಂಕಿಗೆ ತಾವೇ ಬಣ್ಣ ಬಳಿಯುತ್ತಾರೆ. ಆಮೇಲೆ ಮೆಲ್ಲಗೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಕೆಲಸ ಹೇಳುತ್ತಾರೆ.

ನನಗೆ ರಜೆ ಮಂಜೂರಾದಾಗ ಕೊನೆಗೆ ಬಂದವನು ತಿಪ್ಪೇಸ್ವಾಮಿ. ಜಗಳೂರಿನ ಹತ್ತಿರದ ಹಳ್ಳಿಯವನು. ಕುರಿ ಕಾಯುವ ಮನೆತನದವನು. ನಮ್ಮ ತುಕಡಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಆದ್ದರಿಂದ ಜಗಳವಾಡಿದರೂ ಸಂಜೆಗೆ ರಾಜಿಯಾಗದೆ ವಿಧಿಯಿರಲಿಲ್ಲ. ತನ್ನ ಮದುವೆಗೆಂದು ಹೋದ ಅವನು ಮುಂದಿನ ವರ್ಷದ ರಜೆಯನ್ನೂ ಸೇರಿಸಿ ಮುಗಿಸಿ ಬಂದಿದ್ದ. ಈಗ ಗಂಡು ಮಗು ಹುಟ್ಟಿ ನಾಲ್ಕು ತಿಂಗಳಾಗಿದ್ದರೂ ಅದರ ಮುಖ ನೋಡಿರಲಿಲ್ಲ. "ನಿನ್ ತಾವ ಕ್ಯಾಮೆರಾ ಐತಲ್ಲ," ಎಂದ ಅವನು, ನನ್ನ ಬೂಟನ್ನು ತಾನೇ ಉಜ್ಜುತ್ತಾ. "ನಮ್ಮೂರಿಗೆ ಹೋಗಿ ನನ್ ಮಗಂದು ಒಂದ್ ಫೋಟೋ ತಗಂಡು ಬಾರಲೇ. ಯಾರಂಗೆ ಐತೆ ಅಂತ ನೋಡ್ಬೇಕು. ನಮ್ಮವ್ವ ನನ್ನಂಗೆ ಅಂತಾಳಂತೆ, ನಮ್ಮತ್ತೆ ಅವರ ಕಡೆಯೋರಂಗೆ ಅಂತಾಳಂತೆ. ಇಲ್ಲಿ ಕುಂತು ಯಾರ ಮಾತು ನಂಬಲಿ ನಾನು?"

ಕ್ಯಾಮೆರಾ ಇದ್ದದ್ದು ನಿಜ. ನಿವೃತ್ತರಾಗಿ ಹೊರಟಿದ್ದ ಮಲಯಾಳಿ ಹವಾಲ್ದಾರರು, ನಾನು ಕುಡಿಯದೆ ಬಿಟ್ಟುಕೊಟ್ಟ ರಮ್ಮಿನ ಕೋಟಾದ ಋಣಕ್ಕೆ ಕೊಟ್ಟುಹೋದ ಡಬ್ಬಿ ಕ್ಯಾಮೆರಾ ಅದು. ರೋಲಿಗೆ ಹನ್ನೆರಡೇ ಫೋಟೋ. ನನಗಂತೂ ಫೋಟೋ ತೆಗೆಯುವುದರಲ್ಲಿ ಅಪಾರ ಆತ್ಮವಿಶ್ವಾಸ. ಬಂದೂಕು ಹಿಡಿದವನಿಗೆ ಕ್ಯಾಮೆರಾ ಯಾವ ಲೆಕ್ಕ? ಎರಡಕ್ಕೂ ಒಂದು ಕಣ್ಣು ಮುಚ್ಚಬೇಕು, ಉಸಿರು ಹಿಡಿಯಬೇಕು, ಬೆರಳು ಅದುಮಬೇಕು. "ಮಗಂದು ಏನು ಬಂತು, ಅವನ ಹಲ್ಲೂ ಲೆಕ್ಕಕ್ಕೆ ಸಿಗಂಗೆ ತೆಗೀತೀನಿ" ಎಂದೆ. ನಾಲ್ಕು ತಿಂಗಳ ಕೂಸಿಗೆ ಹಲ್ಲಿರುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಊರಿಗೆ ಬಂದ ಮೇಲೆ ತಿಳಿದದ್ದೇನೆಂದರೆ, ರಜೆ ನನ್ನದಾದರೂ ಕ್ಯಾಮೆರಾ ಊರಿನದು. ಅಪ್ಪ ಅಂಗಡಿಯ ಮುಂದೆ ಎರಡು ಭಂಗಿಯಲ್ಲಿ ನಿಂತರು. ಎರಡರಲ್ಲೂ ಸಾಲ ಕೇಳಲು ಬಂದವರನ್ನು ನೋಡುವ ಮುಖವೇ ಇತ್ತು. ಅಮ್ಮ ನನ್ನನ್ನು ಬಿಟ್ಟು ಎಮ್ಮೆಯ ಜೊತೆ ನಿಂತಳು. ಅಕ್ಕನನ್ನು ನೋಡಲು ಚನ್ನಗಿರಿಗೆ ಹೋದರೆ, ಭಾವ ಹೊಸ ಮೋಟಾರ್ ಬೈಕನ್ನು ಅಂಗಳದಲ್ಲಿ ತೊಳೆದು ನಿಲ್ಲಿಸಿ ನನಗಾಗಿ ಕಾಯುತ್ತಿದ್ದರು. ಬೈಕಿನದೊಂದು, ಬೈಕಿನ ಮೇಲೆ ಭಾವನದೊಂದು, ಭಾವನ ಹಿಂದೆ ಅಕ್ಕನದೊಂದು. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಸೋದರಮಾವ ಸಿಕ್ಕಿ, ಹೊಳೆ, ಸೇತುವೆ ಮತ್ತು ತಾನು ಮೂವರೂ ಬರಬೇಕೆಂದು ಹಟ ಹಿಡಿದ. ಹೀಗೆ ದಾರಿಯಲ್ಲಿ ಸಿಕ್ಕ ನೆಂಟರು, ಗೆಳೆಯರೆಲ್ಲರ ಪ್ರೀತಿಗೆ ಒಂದೊಂದಾಗಿ ಸಲ್ಲುತ್ತಾ ಹೋಗಿ, ದಾವಣಗೆರೆಯಲ್ಲಿ ಜಗಳೂರಿನ ಬಸ್ಸು ಹತ್ತುವಾಗ ಕ್ಯಾಮೆರಾದಲ್ಲಿ ಉಳಿದದ್ದು ಒಂದೇ ಫೋಟೋ. ನಾನು ಹೆದರಲಿಲ್ಲ. ಒಳ್ಳೆಯ ಗುರಿಕಾರನಿಗೆ ಒಂದೇ ಗುಂಡು ಸಾಕು.

ತಿಪ್ಪೇಸ್ವಾಮಿಯ ತಾಯಿ ಓಬಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದು, ಮಗನೇ ಬಂದಷ್ಟು ಸಂತೋಷದಿಂದ ಒಳಗೆ ಕರೆದಳು. ಶೇಂಗಾ ಹುರಿದು ಬೆಲ್ಲದ ಜೊತೆ ಮುಂದಿಟ್ಟಳು. ಮಗ ಹೆಂಗಿದಾನೆ, ಉಣ್ಣಾಕೆ ಏನು ಕೊಡ್ತಾರೆ, ಮರಳಾಗೆ ಹೆಂಗೆ ನಿದ್ದೆ ಮಾಡ್ತಾನೆ ಎಂದು ಕೇಳಿ ಎರಡು ಸಲ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆದರೆ ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಅವಳ ಮುಖ ಬದಲಾಯಿತು.

"ಕೂಸಿಂದು ಫೋಟೋ ತೆಗೀಬಾರ್ದಪ್ಪ. ವರ್ಷ ತುಂಬೋಗಂಟ ಬ್ಯಾಡ. ದಿಟ್ಟಿ ಆಗ್ತೈತೆ."

"ಅದರಪ್ಪನೇ ನೋಡೋದು ಅಜ್ಜಿ, ಬೇರೆ ಯಾರೂ ಅಲ್ಲ."

"ಅಪ್ಪನ ಕಣ್ಣು ತಾಗಾಕಿಲ್ಲ, ಸರಿ. ನಿನ್ ಡಬ್ಬಿ ಕಣ್ಣು?"

ನಾನು ಡಬ್ಬಿಯ ಕಣ್ಣನ್ನು ಅಂಗೈಯಿಂದ ಮುಚ್ಚಿ ಹಿಡಿದೆ. ಬಾಗಿಲ ಹಿಂದೆ ಕೂಸನ್ನೆತ್ತಿ ನಿಂತಿದ್ದ ತಿಪ್ಪೇಸ್ವಾಮಿಯ ಹೆಂಡತಿ ರತ್ನಮ್ಮ ಹೊಸ್ತಿಲ ತನಕ ಬಂದಳು. ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅತ್ತೆ, ಅವ್ರು ಬರೋ ಹೊತ್ತಿಗೆ ಇದು ನಡೆದಾಡ್ತಿರ್ತೈತೆ. ಈ ಮುಖ ಆವಾಗ ಇರಾಕಿಲ್ಲ. ಒಂದೇ ಒಂದು ತೆಗೀಲಿ ಬಿಡ್ರಿ."

ಓಬಮ್ಮ ಎದ್ದು ಒಳಗೆ ಹೋದಳು. ಕೋಪಿಸಿಕೊಂಡಳೇನೋ ಎಂದು ನಾನು ಬೂಟಿನ ಕಡೆ ಕೈ ಹಾಕುವಷ್ಟರಲ್ಲಿ ಕಾಡಿಗೆಯ ಕರಡಿಗೆ ಹಿಡಿದು ಬಂದಳು. ಹಣೆಗೊಂದು, ಗಲ್ಲಕ್ಕೊಂದು, ಗದ್ದಕ್ಕೊಂದು ಬೊಟ್ಟಿಟ್ಟಳು. ನಾಲ್ಕನೆಯದಕ್ಕೆ ರತ್ನಮ್ಮ ಕೈ ಅಡ್ಡ ಹಿಡಿಯದಿದ್ದರೆ ಕೂಸಿನ ಬಣ್ಣ ಯಾವುದೆಂದು ತಿಳಿಯುವುದೇ ಕಷ್ಟವಿತ್ತು. ಸುದ್ದಿ ತಿಳಿದು ಓಣಿಯವರೆಲ್ಲ ತಲೆ ಬಾಚಿಕೊಂಡು ಬಂದು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲಿ ಕೂತ ರತ್ನಮ್ಮನ ಹಿಂದೆ ನಿಂತರು. ತಿಪ್ಪೇಸ್ವಾಮಿ ತಾನು ಸಾಕಿದ ಟಗರನ್ನೂ ನೋಡಲೆಂದು ಅದನ್ನು ಹಿಡಿದು ತಂದರು. ನಾನು ಅಂಗಳದ ಮಣ್ಣಿನಲ್ಲಿ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, "ರೆಡಿ" ಎಂದೆ.

ನಾನು ಬೆರಳು ಅದುಮುವುದಕ್ಕೂ ಅಜ್ಜಿಯ ಎದೆ ಝಲ್ಲೆನ್ನುವುದಕ್ಕೂ ಸರಿಹೋಯಿತು. "ಅಯ್ಯೋ ನನ್ ಕೂಸೇ!" ಎಂದು ಅವಳು ಸೆರಗು ಬೀಸಿ ಅದರ ಮುಖ ಮುಚ್ಚಿದಳು. ಕ್ಲಿಕ್ ಎಂಬ ಸದ್ದಿಗೆ ಟಗರೂ ಹೌಹಾರಿತು. ಅಷ್ಟಾದರೂ ನನ್ನ ಆತ್ಮವಿಶ್ವಾಸ ಕದಲಲಿಲ್ಲ. ಸೆರಗಿಗಿಂತ ನನ್ನ ಬೆರಳೇ ಮುಂದಿತ್ತೆಂದು ಎಲ್ಲರಿಗೂ ಭರವಸೆ ಕೊಟ್ಟು ಬಸ್ಸು ಹತ್ತಿದೆ.

ರೋಲನ್ನು ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ತೊಳೆಯಲು ಕೊಟ್ಟು, ರಜೆ ಮುಗಿಸಿ ರೈಲು ಹತ್ತುವ ದಿನ ಫೋಟೋಗಳನ್ನು ತೆಗೆದುಕೊಂಡೆ. ರೈಲು ಹೊರಟ ಮೇಲೆ ಲಕೋಟೆ ಬಿಚ್ಚಿದೆ. ಭಾವನ ಬೈಕು ಕನ್ನಡಿಯಂತೆ ಹೊಳೆಯುತ್ತಿತ್ತು. ಹೊನ್ನಾಳಿಯ ಸೇತುವೆ ಅಖಂಡವಾಗಿ ಬಂದಿತ್ತು. ಮಾವ ಅದರ ಪಕ್ಕದಲ್ಲಿ ಇರುವೆಯಷ್ಟಿದ್ದ. ಕಡೆಯ ಫೋಟೋದಲ್ಲಿ ಓಣಿಯ ಜನರೆಲ್ಲ ಹಲ್ಲು ಲೆಕ್ಕಕ್ಕೆ ಸಿಗುವಂತೆ ನಗುತ್ತಿದ್ದರು. ಟಗರಿನ ಕೊಂಬಿನ ಸುರುಳಿ ಸ್ಪಷ್ಟವಾಗಿತ್ತು. ರತ್ನಮ್ಮ ನೇರವಾಗಿ ನನ್ನನ್ನೇ, ಎಂದರೆ ನನ್ನ ಮೂಲಕ ತನ್ನ ಗಂಡನನ್ನೇ, ನೋಡುತ್ತಿದ್ದಳು. ಅವಳ ಮಡಿಲಲ್ಲಿ ಓಬಮ್ಮನ ಸೆರಗು. ಸೆರಗಿನ ಕೆಳಗಿನಿಂದ ಹೊರಗೆ ಚಾಚಿದ್ದ ಒಂದು ಪುಟ್ಟ ಪಾದ, ಐದು ಬೆರಳು. ಕೂಸು ಬಂದದ್ದು ಅಷ್ಟೇ.

ಗಾಡಿ ಗಡಿ ಮುಟ್ಟುವ ತನಕ ನಾನು ಸರಿಯಾಗಿ ಉಣ್ಣಲಿಲ್ಲ. ತಿಪ್ಪೇಸ್ವಾಮಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಕವಾಯತು ಮಾಡಿದೆ. ರೋಲು ಸರಿಯಿರಲಿಲ್ಲ ಎನ್ನಲೇ? ಸ್ಟುಡಿಯೋದವನನ್ನು ಬೈಯಲೇ? ಆದರೆ ಅವನು ಗೇಟಿನಲ್ಲೇ ಕಾಯುತ್ತಿದ್ದ. ನನ್ನ ಟ್ರಂಕನ್ನು ಕಸಿದುಕೊಂಡು ಕೆಳಗಿಟ್ಟು ಕೈ ಚಾಚಿದ. ಕವಾಯತು ಮಾಡಿದ್ದನ್ನೆಲ್ಲ ಬಿಟ್ಟು ಫೋಟೋ ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. ನಾನು ಒದೆ ತಿನ್ನಲು ಸಿದ್ಧನಾಗಿ ನಿಂತಿದ್ದೆ.

ಅವನು ಅಲ್ಲೇ, ನಾವು ಸುಣ್ಣ ಹಚ್ಚಿದ ಕಲ್ಲಿನ ಮೇಲೆ ಕುಕ್ಕರಿಸಿ, ಎಡಗಾಲಿನ ಬೂಟು ಬಿಚ್ಚಿ, ಕಾಲುಚೀಲ ಕಿತ್ತೆಸೆದ. ಪಾದದ ಪಕ್ಕದಲ್ಲಿ ಫೋಟೋ ಹಿಡಿದ. "ನೋಡಲೇ! ಹೆಬ್ಬಟ್ಟಿಗಿಂತ ಪಕ್ಕದ್ದು ಉದ್ದ ಐತೆ. ನಂದೂ ಅಂಗೇ, ನಮ್ಮಪ್ಪಂದೂ ಅಂಗೇ ಇತ್ತು. ನಮ್ಮತ್ತೆ ಕಡೆ ಯಾರಿಗೈತೆ ಇದು?" ಎಂದು ಕೂಗಿದ. ಆ ಸಂಜೆ ಒಂದೇ ಬೂಟಿನಲ್ಲಿ ಕುಂಟುತ್ತಾ ಬ್ಯಾರಕ್ಕಿನ ಮಂಚ ಮಂಚಕ್ಕೂ ಹೋಗಿ, ಪಂಜಾಬಿಗಳಿಗೆ, ಬಂಗಾಳಿಗಳಿಗೆ, ತಮಿಳರಿಗೆ ತನ್ನ ಕಾಲನ್ನೂ ಮಗನ ಕಾಲನ್ನೂ ತೋರಿಸಿ ಬಂದ. ಸುಬೇದಾರರು ಕೂಡ ಕನ್ನಡಕ ಹಾಕಿಕೊಂಡು ಹೋಲಿಸಿ ನೋಡಿ, ಅನುಮಾನವೇ ಇಲ್ಲವೆಂದು ತೀರ್ಪು ಕೊಟ್ಟರು. ಅಷ್ಟು ಯಶಸ್ವಿಯಾದ ಫೋಟೋವನ್ನು ನಾನು ಮುಂದೆಂದೂ ತೆಗೆಯಲಿಲ್ಲ. ಬೇಕೆಂದೇ ಪಾದಕ್ಕೆ ಗುರಿಯಿಟ್ಟೆ ಎಂದು ಒಂದೆರಡು ಕಡೆ ಹೇಳಿಕೊಂಡದ್ದೂ ಉಂಟು.

ಕೆಲವು ವರ್ಷಗಳ ಮೇಲೆ ಮತ್ತೊಂದು ರಜೆಯಲ್ಲಿ ತಿಪ್ಪೇಸ್ವಾಮಿಯ ಊರಿಗೆ ಹೋದೆ. ಅವನು ತಂದುಕೊಟ್ಟ ಆ ಪಾದದ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ತೂಗುತ್ತಿತ್ತು. ಆಗ ನನ್ನ ಹತ್ತಿರ ಹೊಸ ಕ್ಯಾಮೆರಾ, ಬಣ್ಣದ ರೋಲು, ತೋಳಿನ ಮೇಲೊಂದು ಬಡ್ತಿಯ ಪಟ್ಟಿ ಎಲ್ಲ ಇತ್ತು. ಓಬಮ್ಮ ಮೊಮ್ಮಗನನ್ನು ಕರೆದು ನನ್ನ ಮುಂದೆ ನಿಲ್ಲಿಸಿ, "ಇವ್ನೇ ನೋಡು, ನಿನ್ ಫೋಟೋ ತೆಗೆದ ಮಿಲ್ಟ್ರಿ ಮಾವ" ಎಂದಳು. ಸೆರಗಿನ ವಿಷಯ ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹುಡುಗ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ, ಕ್ಯಾಮೆರಾವನ್ನೂ ನೋಡಿದ. ನಾನು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಗತ್ತಿನಿಂದ "ರೆಡಿ" ಎಂದೆ. ಅವನು ಜಗಲಿಯ ಮೇಲೆ ಕೂತು, ಎರಡೂ ಕಾಲುಗಳನ್ನು ಮಡಿಸಿ ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಮುಖವನ್ನು ಆದಷ್ಟೂ ಮುಂದಕ್ಕೆ ಚಾಚಿದ.