ಗಿಡಹೇನುಗಳಿಗೆ ಸಾಮೂಹಿಕ ವಿಚ್ಛೇದನ

ಮೂವತ್ತು ವರ್ಷ ಊರವರ ಮದುವೆ ಮಾಡಿಸಿಯೇ ಹೊಟ್ಟೆ ಹೊರೆದ ದಲ್ಲಾಳಿಗೆ ಈ ಲೋಕದಲ್ಲಿ ಒಂದು ವಿಷಯ ಮಾತ್ರ ಖಚಿತವಾಗಿ ಗೊತ್ತಿತ್ತು: ಗಂಡಿಲ್ಲದೆ ಸಂಸಾರ ಬೆಳೆಯುವುದಿಲ್ಲ. ಆ ಮಹಾಜ್ಞಾನವೇ ಅವನನ್ನು ಹಳ್ಳಕ್ಕೆ ಕೆಡವಿತು.

ಹತ್ತು ದಿನ ತಂಗಿಯ ಮನೆಗೆ ಹೊರಟ ಹೆಂಡತಿ ಬಾಲ್ಕನಿಯ ಇಪ್ಪತ್ತೆರಡು ಗುಲಾಬಿ ಕುಂಡಗಳನ್ನು ಅವನ ಕೈಗೊಪ್ಪಿಸಿದ್ದಳು. ಮರಳಿದ ಮರುದಿನವೇ ಹೂವಿನ ಸ್ಪರ್ಧೆ. ಎರಡು ವರ್ಷ ಎರಡನೇ ಬಹುಮಾನಕ್ಕೇ ನಿಂತವಳು ಈ ಸಲ ಮೊದಲನೆಯದನ್ನು ತಂದೇ ತರುತ್ತೇನೆಂದು ಹಠ ಹಿಡಿದಿದ್ದಳು. "ನೀರು ಹಾಕಿ, ಸಾಕು. ತಲೆ ಓಡಿಸೋಕೆ ಹೋಗ್ಬೇಡಿ" ಎಂದು ಬೇರೆ ಹೇಳಿದ್ದಳು.

ಮೂರನೇ ದಿನ ಒಂದು ಮೊಗ್ಗಿನ ಬುಡದಲ್ಲಿ ಹಸಿರು ಹೇನುಗಳು ಕಂಡವು. ಎಣಿಸಿದರೆ ಸರಿಯಾಗಿ ಇಪ್ಪತ್ತೆರಡು. (ಕುಂಡಕ್ಕೊಂದು! ದೇವರೇ ಹಂಚಿ ಕಳಿಸಿದಂತಿತ್ತು.) ಕೊಲ್ಲಲು ಮನಸ್ಸು ಬರಲಿಲ್ಲ. ಒಟ್ಟಿಗಿದ್ದರೆ ತಾನೇ ಮಕ್ಕಳು ಮರಿ? ಬಣ್ಣದ ಕುಂಚದ ತುದಿಯಲ್ಲಿ ಒಂದೊಂದನ್ನೇ ಎತ್ತಿ ಒಂದೊಂದು ಕುಂಡಕ್ಕೆ ಸಾಗಿಸಿದ. ಜೀವಮಾನದಲ್ಲಿ ಮೊದಲ ಬಾರಿಗೆ ಸಂಸಾರ ಒಡೆದು, ಸ್ವಲ್ಪ ನೊಂದುಕೊಂಡು, ಕೈ ತೊಳೆದ. ಆಮೇಲೆ ದಿನಾ ಬಾಗಿಲಲ್ಲೇ ನಿಂತು ನೀರು ಎರಚಿದನೇ ಹೊರತು ಗಿಡಗಳತ್ತ ಬಗ್ಗಿ ನೋಡಲಿಲ್ಲ.

ಊರಿಂದ ಬಂದ ಹೆಂಡತಿ ನೇರ ಹೋಗಿ ಬಾಲ್ಕನಿಯ ಬಾಗಿಲು ತೆರೆದಳು. ಅವನೂ ಹಿಂದೆಯೇ ಬಂದು ಇಣುಕಿದ. ಇಪ್ಪತ್ತೆರಡು ಗಿಡಗಳಲ್ಲೂ ಮೊಗ್ಗೆಂಬುದೇ ಕಾಣದು, ಬರೀ ಹೇನು. ಎಲೆಯೆಲ್ಲ ಅಂಟಂಟು, ಆ ಸಿಹಿಗೆ ಮುತ್ತಿದ ಇರುವೆ. ಅವನ ಕಣ್ಣೆದುರೇ ಒಂಟಿ ಹೇನೊಂದು ಹಿಂಬದಿಯಿಂದ ಜೀವಂತ ಮರಿಯನ್ನು ಇಳಿಸಿ, ಏನೂ ಆಗದಂತೆ ರಸ ಹೀರುತ್ತಲೇ ಇತ್ತು.

ತನ್ನ ತಪ್ಪಿಲ್ಲವೆಂದು ಸಾಧಿಸಲು ಮೇಲಿನ ಮಹಡಿಯ ಜೀವಶಾಸ್ತ್ರದ ಟೀಚರಮ್ಮನನ್ನು ಅವನೇ ಕರೆತಂದ. ಒಂದನ್ನೊಂದು ನೋಡಲೂ ಆಗದ ಹಾಗೆ ಬೇರೆ ಬೇರೆ ಇಟ್ಟಿದ್ದೆನೆಂದು ಆಣೆ ಮಾಡಿದ. ಆಕೆ ಬಗ್ಗಿ ನೋಡಿ, ಇವೆಲ್ಲ ಹೆಣ್ಣೇ, ಈ ಋತುವಿನಲ್ಲಿ ಗಂಡಿನ ಗೊಡವೆಯೇ ಇವಕ್ಕಿಲ್ಲ, ಹುಟ್ಟುವ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಬೆಳೆಯುತ್ತಿರುತ್ತಾಳೆ ಎಂದರು.

"ಹುಟ್ತಾನೇ ಬಸುರಿನಾ?" ದಲ್ಲಾಳಿ ಕುಂಡದ ಮೇಲೆ ಬಗ್ಗಿ ಮತ್ತೆ ನೋಡಿದ. ಮೂವತ್ತು ವರ್ಷದ ಕಸುಬು ಒಂದೇ ಮಾತಿಗೆ ನೀರುಪಾಲಾಗಿತ್ತು. "ಹಾಗಾದ್ರೆ ಗಂಡು ಅನ್ನೋದೇ ಇಲ್ವಾ?"

"ಇದಾವೆ. ಚಳಿ ಬರೋ ಹೊತ್ತಿಗೆ ಹುಟ್ಟಿ, ಸ್ವಲ್ಪ ದಿನ ಇದ್ದು ಹೋಗ್ತಾವೆ. ಕೆಲವು ಜಾತಿಲಿ ಅವಕ್ಕೆ ಬಾಯೇ ಇರಲ್ಲ."

ಹೆಂಡತಿ ಸ್ಪರ್ಧೆಯ ಚೀಟಿಯನ್ನು ಹರಿದಳು. ಅವಳ ಕಣ್ಣು ತುಂಬಿತ್ತು. ದಲ್ಲಾಳಿ ಸಮಾಧಾನ ಹೇಳಹೊರಟವನು ಮುಂದಿನ ವರ್ಷ, ಹೊಸ ಉಪಾಯ, ಎಂದೆಲ್ಲ ಒಂದೇ ಸಮನೆ ಮಾತಾಡತೊಡಗಿದ. ಅವಳು ಅವನನ್ನೊಮ್ಮೆ, ಹೇನುಗಳನ್ನೊಮ್ಮೆ ನೋಡಿದಳು.

"ಸ್ವಲ್ಪ ದಿನ. ಅದೂ ಬಾಯಿಲ್ದೆ," ಎಂದು ನಿಟ್ಟುಸಿರು ಬಿಟ್ಟಳು. "ಏನು ಪುಣ್ಯ ಮಾಡಿದ್ವೋ ಇವು."