ಪರ್ತ್ ಒಪ್ಪುವುದಿಲ್ಲ

ಆಗಸ್ಟ್ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಸ್ಥಳ, ಪರ್ತಿನ ಹ್ಯಾರಿಸ್‌ಡೇಲ್‌ನಲ್ಲಿರುವ ನನ್ನ ಮಗನ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ಎಂಟು ವರ್ಷದ ಮೊಮ್ಮಗಳು ಮತ್ತು ಒಂದು ದೇಶ.

ದೇಶ ಎಂದರೆ ನಮ್ಮ ಬೀಗರು, ಸೊಸೆಯ ತಂದೆ. ಇದೇ ಮನೆಯಲ್ಲಿ ಮೂರು ವರ್ಷದಿಂದ ಇದ್ದಾರೆ. ಅವರನ್ನು ಮನುಷ್ಯರ ಸಾಲಿಗೆ ಸೇರಿಸಲು ನಾನೂ ಮೂರು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ, ಅವರೇ ಒಪ್ಪುತ್ತಿಲ್ಲ. ಅವರಿಗೆ ತಲೆ ಸರಿಯಿಲ್ಲವೆಂದು ಅಡಿಲೇಡಿನಿಂದ ಹೇಳಿಕಳಿಸಿದವರಿದ್ದಾರೆ. ಅವರಿಗೆ ಉತ್ತರ ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಹೆಡ್ ನರ್ಸ್ ಆಗಿದ್ದವಳು ನಾನು. ಕಂಡದ್ದನ್ನು ಕಂಡ ಗಂಟೆ ಸಮೇತ ಬರೆದು ಅಭ್ಯಾಸ.

ಬೀಗರು ಜಿನೀವಾದಲ್ಲಿದ್ದವರು. ದೇಶದೇಶಗಳು ಸೇರುವ ಅಲ್ಲಿನ ಒಂದು ಸಂಸ್ಥೆಗೆ ಪ್ರತಿ ದೇಶವೂ ಒಬ್ಬ ರಾಯಭಾರಿಯನ್ನೂ ಅವರ ಜೊತೆಗೆ ಒಂದು ಕಚೇರಿಯನ್ನೂ ಕಳಿಸುತ್ತದಂತೆ. ಆ ಕಚೇರಿಗೆ ಖಾಯಂ ನಿಯೋಗ ಎಂದು ಹೆಸರು. ನಮ್ಮ ದೇಶದ ನಿಯೋಗದಲ್ಲಿ ಬೀಗರದು ಇಪ್ಪತ್ತೆಂಟು ವರ್ಷದ ಸೇವೆ. ಯಾವ ಹುದ್ದೆ ಎಂದು ಅವರು ಹೇಳಿಲ್ಲ, ಯಾರೂ ಕೇಳಿಲ್ಲ. ಪರ್ತಿನ ಕನ್ನಡದವರೆಲ್ಲ 'ರಾಯಭಾರಿ ಅಂಕಲ್' ಎನ್ನುತ್ತಾರೆ. ಅವರು ಬೇಡವೆನ್ನುವುದಿಲ್ಲ. ಎಡಗೈಗೆ ಪರ್ತಿನ ಗಡಿಯಾರ, ಬಲಗೈಗೆ ಇವತ್ತಿಗೂ ಜಿನೀವಾದ್ದು. ನಾವು ಸಂಜೆ ಕಾಫಿಗೆ ಕೂತರೆ "ಅಲ್ಲಿ ಈಗ ಬೆಳಗಿನ ಅಧಿವೇಶನ" ಎಂದು ಬಲಗೈ ನೋಡಿಕೊಳ್ಳುತ್ತಾರೆ.

ಊಟದ ಮೇಜಿನಲ್ಲಿ ಅವರ ತಟ್ಟೆಯ ಮುಂದೆ ಒಂದು ಹೆಸರಿನ ಫಲಕ. ಸೀರಿಯಲ್ ಡಬ್ಬದ ರಟ್ಟು ಕತ್ತರಿಸಿ ಮೊಮ್ಮಗಳು ನೀಲಿ ಬಣ್ಣದಲ್ಲಿ 'ಪರ್ತ್' ಎಂದು ಬರೆದುಕೊಟ್ಟದ್ದು. ಸಭೆಯಲ್ಲಿ ಮಾತಾಡಬೇಕೆನಿಸಿದ ರಾಯಭಾರಿ ತನ್ನ ದೇಶದ ಫಲಕವನ್ನು ನೆಟ್ಟಗೆ ಎತ್ತಿ ನಿಲ್ಲಿಸಬೇಕಂತೆ, ಅಧ್ಯಕ್ಷರು ನೋಡಿ ಅನುಮತಿ ಕೊಡಬೇಕಂತೆ. ನಮ್ಮಲ್ಲಿ ಬಡಿಸುವವರೇ ಅಧ್ಯಕ್ಷರು, ಅಂದರೆ ನಾನು. ಒಂದು ದಿನ ಸಾರು ಬಡಿಸಿದ ಕೂಡಲೇ ಫಲಕ ಎದ್ದು ನಿಂತಿತು.

"ಏನು ಬೀಗ್ರೇ?"

"ಉಪ್ಪಿನ ವಿಷಯದಲ್ಲಿ ಪರ್ತ್ ತನ್ನ ನಿಲುವನ್ನ ಸದ್ಯಕ್ಕೆ ಕಾಯ್ದಿರಿಸಿದೆ."

"ಉಪ್ಪಿನ ಡಬ್ಬಿ ನಿಮ್ಮ ಕೈ ಹತ್ರಾನೇ ಇದೆ, ಹಾಕ್ಕೊಳಿ."

"ಅದು ಏಕಪಕ್ಷೀಯ ಕ್ರಮ ಆಗುತ್ತೆ ಬೀಗಿತ್ತಿಯವ್ರೇ."

ಇನ್ನು ಪಕ್ಕದ ಮನೆಯವನ ವಿಚಾರ. ಎರಡು ವಾರ ಗಣಿಯಲ್ಲಿ, ಎರಡು ವಾರ ಮನೆಯಲ್ಲಿ ಇರುವ ಒಳ್ಳೆಯ ಹುಡುಗ. ಅವನ ಕಸದ ಬಿನ್ ಮಾತ್ರ ಸದಾ ನಮ್ಮ ಕಾರಿನ ದಾರಿಯಲ್ಲಿ. "ಸ್ವಲ್ಪ ಸರಿಸಪ್ಪ" ಎಂದರೆ ಮುಗಿಯುತ್ತಿತ್ತು. ಬೀಗರು ಇಂಗ್ಲಿಷಿನಲ್ಲಿ ಪತ್ರ ಬರೆದರು: ಈ ಮನೆಯ ಖಾಯಂ ನಿಯೋಗವು ಪಕ್ಕದ ಮನೆಯ ಖಾಯಂ ನಿಯೋಗಕ್ಕೆ ತನ್ನ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತಾ, ಈ ಕೆಳಕಂಡದ್ದನ್ನು ತಿಳಿಸುವ ಸೌಭಾಗ್ಯ ಪಡೆದಿದೆ... ಎರಡು ಪುಟ. ಸಂಜೆ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಪತ್ರದೊಂದಿಗೆ ಬಾಗಿಲಲ್ಲಿ ನಿಂತಿದ್ದ. "ಸೋ ಸಾರಿ, ಮೇಟ್. ಹೂ ಡೈಡ್?"

ಅಂದಿನಿಂದ ಆ ಬಿನ್ ನಮ್ಮ ಕಡೆ ತಿರುಗಿಯೂ ನೋಡಿಲ್ಲ. ನಗುವವರು ನಗಲಿ. ಕೆಲಸ ಆಯಿತೋ ಇಲ್ಲವೋ?

ಹೋದ ವರ್ಷ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕನ್ನಡ ಬಳಗಗಳು ಸೇರಿ ಒಂದು ಸಮಿತಿ ಮಾಡಿಕೊಂಡವು. ಊರಿಗೊಬ್ಬ ಪ್ರತಿನಿಧಿ. ಪರ್ತಿಗೆ ಬೇರೆ ಯಾರು? ಮೊದಲ ಆನ್‌ಲೈನ್ ಸಭೆಯಲ್ಲೇ ಬೀಗರು ನಿಯಮಾವಳಿ ಮಂಡಿಸಿದರು. ಸದಸ್ಯರು ಮೂವರು, ಪುಟ ಇಪ್ಪತ್ತೆರಡು. ಅದರಲ್ಲೊಂದು ಮೌನದ ನಿಯಮ: ಅಧ್ಯಕ್ಷರು ಕರಡು ಕಳಿಸಿ ಗಡುವು ಕೊಡುತ್ತಾರೆ, ಅಷ್ಟರೊಳಗೆ ಯಾರೂ ಬಾಯಿಬಿಡದಿದ್ದರೆ ಎಲ್ಲರೂ ಒಪ್ಪಿದಂತೆ, ಒಬ್ಬರು ಬೇಡವೆಂದರೂ ಕರಡು ಬಿದ್ದಂತೆ. ದೊಡ್ಡ ದೊಡ್ಡ ದೇಶಗಳೂ ಹೀಗೇ ಮಾಡುತ್ತವಂತೆ. ಬ್ರಿಸ್ಬೇನಿನವರು ಅಧ್ಯಕ್ಷರಾದರು. ಇಪ್ಪತ್ತೆರಡು ಪುಟದಲ್ಲಿ ಅವರು ಮನಸ್ಸಿಟ್ಟು ಓದಿದ್ದು ಅದೊಂದನ್ನೇ ಎಂದು ಆಮೇಲೆ ಗೊತ್ತಾಯಿತು.

ಏಕೆಂದರೆ ಈ ಆಗಸ್ಟಿನ ಅದೇ ವಾರ ಅವರಿಂದ ಒಂದು ಕರಡು ಬಂತು. ಮೂರೂ ಊರಿನ ಮಕ್ಕಳ ಕನ್ನಡ ತರಗತಿಗಳನ್ನು ನಿಲ್ಲಿಸಿ, ಭಾನುವಾರ ಬ್ರಿಸ್ಬೇನಿನ ಒಂಬತ್ತು ಗಂಟೆಗೆ ಎಲ್ಲರಿಗೂ ಆನ್‌ಲೈನಿನಲ್ಲಿ ಒಂದೇ ತರಗತಿ. ಅವರ ಒಂಬತ್ತೆಂದರೆ ನಮಗೆ ಏಳು. ಭಾನುವಾರ ಏಳಕ್ಕೆ ಹ್ಯಾರಿಸ್‌ಡೇಲಿನಲ್ಲಿ ಎದ್ದಿರುವುದು ನಾನು ಮತ್ತು ಮ್ಯಾಗ್‌ಪೈ ಹಕ್ಕಿಗಳು. ನಮ್ಮ ತರಗತಿ ಸದರ್ನ್ ರಿವರ್‌ನ ಸಭಾಂಗಣದಲ್ಲಿ, ಹತ್ತೂವರೆಗೆ. ಹನ್ನೊಂದು ಮಕ್ಕಳು. ಹಾಜರಿ ನನ್ನದು, ಪಾಠ ಬೀಗರದು. ಪಾಠವೆಂದರೆ, ಪ್ರತಿ ಮಗುವಿನ ಮುಂದೆ ಕರ್ನಾಟಕದ ಒಂದು ಜಿಲ್ಲೆಯ ಫಲಕ. ಬೀದರ್ ತನ್ನ ಬಿಸ್ಕತ್ತು ತಿಂದಿತೆಂದು ಕೋಲಾರ ಫಲಕ ಎತ್ತುತ್ತದೆ, ಬೀದರ್ ನಿರಾಕರಿಸುತ್ತದೆ, ಹಾಸನ ಸಂಧಾನಕ್ಕೆ ಬರುತ್ತದೆ. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಅಲ್ಲಿ ಒಂದೂವರೆ ಗಂಟೆ ಕನ್ನಡದಲ್ಲೇ ಜಗಳವಾಡುತ್ತವೆ. ಕಂಪ್ಯೂಟರಿನ ಮುಂದೆ ನಿದ್ದೆಗಣ್ಣಿನಲ್ಲಿ ಕೂತು ಯಾರ ಬಿಸ್ಕತ್ತಿಗಾಗಿ ಜಗಳವಾಡಬೇಕು?

ಗಡುವು ಶನಿವಾರ ಸಂಜೆ ಆರು ಗಂಟೆ. ಈಗ ಮತ್ತೆ ಮೂರು ನಲವತ್ತಕ್ಕೆ ಬನ್ನಿ. ಮಗ ಸೊಸೆ ಅಂಗಡಿಗೆ ಹೋಗಿದ್ದರು. ಬೀಗರು ಲ್ಯಾಪ್‌ಟಾಪಿನಲ್ಲಿ ಆಕ್ಷೇಪಣೆ ಬರೆಯುತ್ತಿದ್ದರು.

"ಎಲ್ಲಿಗೆ ಬಂತು ಬೀಗ್ರೇ?"

"ವಂದನೆಗಳು ಮುಗೀತಾ ಬಂದ್ವು. ಇನ್ನೂ ಎರಡು ಗಂಟೆ ಇಪ್ಪತ್ತು ನಿಮಿಷ ಇದೆಯಲ್ಲ."

"ಆರು ಅಂದ್ರೆ ಯಾರ ಆರು? ಗಡುವು ಅಧ್ಯಕ್ಷರ ಊರಿನ ಗಡಿಯಾರದ ಪ್ರಕಾರ ಅಂತ ನೀವೇ ಬರ್ದಿದೀರಿ. ಹದಿನಾಲ್ಕನೇ ಪುಟ. ಬ್ರಿಸ್ಬೇನಲ್ಲಿ ಈಗ ಐದೂ ನಲವತ್ತು."

ಅವರು ಎಡಗೈ ನೋಡಿಕೊಂಡರು. ಬಲಗೈ ನೋಡಿಕೊಂಡರು. ಎರಡು ಗಡಿಯಾರ ಕಟ್ಟಿದ ಮನುಷ್ಯರ ಹತ್ತಿರ ಬೇಕಾದ ಮೂರನೆಯದು ಇರಲಿಲ್ಲ.

"ವಂದನೆ ಎಲ್ಲಾ ಬಿಡಿ. ಒಂದು ಸಾಲು ಹಾಕಿ" ಎಂದೆ.

ಬೆರಳು ಹಾಗೇ ನಿಂತುಬಿಟ್ಟಿತು. ಮೂರು ನಲವತ್ತೈದು. ಮೂರು ಐವತ್ತು.

"ತಾತ, ಜಸ್ಟ್ ಟೈಪ್ 'ನೋ'" ಎಂದಳು ಮೊಮ್ಮಗಳು.

"ನಂಗೆ ಬರಲ್ಲ ಪುಟ್ಟಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಇಪ್ಪತ್ತೆಂಟು ವರ್ಷದಲ್ಲಿ ಒಂದ್ಸಲಾನೂ ಫಲಕ ಎತ್ತಿದೋನಲ್ಲ ನಾನು. ರಾಯಭಾರಿಗಳು ಬರೋದ್ರೊಳಗೆ ಅದನ್ನ ಒರೆಸಿಡ್ತಿದ್ದೆ. ನೀರಿಟ್ಟು, ಹಿಂದಿನ ಸಾಲಲ್ಲಿ ಕೂತ್ಕೋತಿದ್ದೆ. ಅಷ್ಟೇ ನನ್ನ ಕೆಲಸ."

"ಗೊತ್ತು" ಎಂದೆ.

ಗೊತ್ತಿಲ್ಲದೆ ಏನು? ಊಟವಾದ ಮೇಲೆ ಮೇಜು ಒರೆಸುವ ಅವರ ಕೈಯನ್ನು ಮೂರು ವರ್ಷದಿಂದ ನೋಡಿದ್ದೇನೆ. ಮೂಲೆಯಿಂದ ಮೂಲೆಗೆ, ಒಂದು ಕಲೆ ಉಳಿಯದಂತೆ. ರಾಯಭಾರಿಗಳು ಹಾಗೆ ಒರೆಸುವುದಿಲ್ಲ. ದೊಡ್ಡ ಡಾಕ್ಟರ ಹಿಂದೆ ಟ್ರೇ ಹಿಡಿದು ನಿಂತವಳಿಗೆ ಅಷ್ಟೂ ತಿಳಿಯುವುದಿಲ್ಲವೇ?

ಮೊಮ್ಮಗಳು ಆ ರಟ್ಟಿನ ಫಲಕವನ್ನು ನೆಟ್ಟಗೆ ನಿಲ್ಲಿಸಿ, ಬೀಳದಂತೆ ಎರಡು ಕೈಯಲ್ಲೂ ಹಿಡಿದುಕೊಂಡಳು.

"ಈ ಮೇಜಿಗೆ ಅಧ್ಯಕ್ಷೆ ನಾನು. ಪರ್ತಿಗೆ ಮಾತಾಡೋಕೆ ಅವಕಾಶ ಕೊಟ್ಟಿದೀನಿ" ಎಂದೆ. "ಮಾತಾಡಿ."

ಮೂರು ಐವತ್ತೆಂಟಕ್ಕೆ ಅವರು ಕಳಿಸಿದ್ದು ಎರಡೇ ಪದ. 'ಪರ್ತ್ ಒಪ್ಪುವುದಿಲ್ಲ.'

ನಾಲ್ಕಕ್ಕೆ ಬ್ರಿಸ್ಬೇನಿನಿಂದ ಉತ್ತರ ಬಂತು: 'ಕರಡು ಬಿತ್ತು ಅಂಕಲ್. ನಿಮ್ಮದೇ ನಿಯಮ, ಏನ್ಮಾಡೋದು.' ನಾಲ್ಕೂ ಕಾಲಿಗೆ, ಅವರ ಗಡಿಯಾರದಲ್ಲಿ ಐದೂ ಮುಕ್ಕಾಲಿಗೆ, ಅಡಿಲೇಡಿನಿಂದ: 'ನಮ್ಮದೂ ಆಕ್ಷೇಪಣೆ ಇದೆ. ಗಡುವಿಗೆ ಇನ್ನೂ ಹದಿನೈದು ನಿಮಿಷ ಇದೆಯಲ್ಲ?' ತಲೆ ಯಾರಿಗೆ ಸರಿಯಿಲ್ಲ ಎಂಬುದನ್ನು ಓದುವವರೇ ತೀರ್ಮಾನಿಸಲಿ.

ಏಳಕ್ಕೆ ಎಲ್ಲರೂ ಊಟಕ್ಕೆ ಕೂತೆವು. ಬೀಗರು ಫಲಕ ಮುಟ್ಟಲಿಲ್ಲ. "ಇನ್ನೊಂಚೂರು ಸಾರು ಹಾಕಿ" ಎಂದು ಸುಮ್ಮನೆ, ಮನುಷ್ಯರ ಹಾಗೆ ಕೇಳಿದರು. ಮೂರು ವರ್ಷದಿಂದ ನಾನು ಬಯಸಿದ್ದು ಇದನ್ನೇ. ಆದರೆ ನನಗೇಕೋ ಹಿಡಿಸಲಿಲ್ಲ.

"ಫಲಕ ಎತ್ತದೆ ಕೇಳಿದ್ರೆ ಸಾರಿಲ್ಲ" ಎಂದೆ.

ಕೈ ಒರೆಸಿಕೊಂಡರು. ಆಮೇಲೆ ಎತ್ತಿದರು.

ಎಂಟಕ್ಕೆ ಪಾತ್ರೆ ಮುಗಿದವು. ಮರುದಿನದ ತರಗತಿಯ ಹಾಜರಿ ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಫಲಕದ ಮೇಲೆ ಸಾರಿನ ಒಂದು ಹನಿ ಬಿದ್ದಿತ್ತು. ಒಣಬಟ್ಟೆ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಒರೆಸಿ, ಅವರ ಜಾಗದ ಮುಂದೆ ಇಟ್ಟು, ದೀಪ ಆರಿಸಿದೆ.