ಎಂಟು ಗಂಟೆಯ ಎಣ್ಣೆ

ಸೆಪ್ಟೆಂಬರ್ ತಿಂಗಳ ಎರಡನೆಯ ಮಂಗಳವಾರ, ಮುಂಜಾನೆ ಏಳು ಹತ್ತು. ಸ್ಥಳ: ಇಂದೂರ ಎಂಬ ಹಳ್ಳಿಯಲ್ಲಿ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗಿರಿಜವ್ವ, ಪಕ್ಕದ ಹೊಲದ ನೀಲವ್ವ. ಇವರಲ್ಲದೆ, ನೀಲವ್ವ ತಂದ ಮೊರದ ತುಂಬ ಸತ್ತ ಜೇನುಹುಳಗಳು.

ಶಿಸ್ತಿನ ಮನುಷ್ಯ ತಪ್ಪನ್ನೂ ವೇಳೆಗೆ ಸರಿಯಾಗಿ ಮಾಡುತ್ತಾನೆ. ನಾನು ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಹಾಜರಿ ಬರೆಯುತ್ತಿದ್ದವನು. ನಿವೃತ್ತನಾಗಿ ಹೆಂಡತಿಯ ಊರಿಗೆ ಬಂದು ಅರ್ಧ ಎಕರೆ ಸೌತೆ ಹಾಕಿದ ಮೇಲೂ ಎಂಟರ ಶಿಫ್ಟು ನನ್ನನ್ನು ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಸೋಮವಾರ ಬೆಳಗ್ಗೆ ಎಂಟಕ್ಕೆ ಎಣ್ಣೆ ಹೊಡೆಯುವ ಪಂಪು ಬೆನ್ನಿಗೇರಲೇಬೇಕು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಹೆಸರು ಕೇಳಿದರೆ ಒಗ್ಗರಣೆಗೆ ಹಾಕಬಹುದು ಅನ್ನಿಸಬೇಕು. ನಿನ್ನೆ ಬಳ್ಳಿ ತುಂಬ ಹೂವಿತ್ತು. ನಾನು ಗಡಿಯಾರ ನೋಡಿದೆ, ಹೂವು ನೋಡಲಿಲ್ಲ. ಜೇನುಹುಳಗಳೂ ಎಂಟರ ಶಿಫ್ಟಿನವೇ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ನೀಲವ್ವನಿಗೆ ಇದ್ದದ್ದು ಐದು ಜೇನುಪೆಟ್ಟಿಗೆ. "ಎರಡು ಖಾಲಿ ಆದುವ್ರಿ ಕಾಕಾರ. ಉಳಿದ ಮೂರೂ ಹೋದ್ರ ನಾ ಈ ಉದ್ಯೋಗನ ಬಿಡ್ತೇನಿ. ಸರಕಾರಕ್ಕ ಒಂದು ಅರ್ಜಿ ಬರದು ಕೊಡ್ರಿ" ಎಂದಳು.

ಅರ್ಜಿ ಎಂದರೆ ನನಗೆ ಹಬ್ಬ. ಕನ್ನಡಕ ಏರಿಸಿ, "ತಿಳುವಳಿಕೆ ಇಲ್ಲದ ಮಂದಿ ಬೇಕಾದಾಗ ಹೊಡೀತಾರ. ಇದಕ್ಕೊಂದು ಕಾಯ್ದೆ ಬೇಕು" ಎಂದು ಗಂಟಲು ಸರಿಪಡಿಸಿಕೊಂಡೆ.

ಗಿರಿಜವ್ವ ಚಹಾದ ಕಪ್ಪು ಕುಕ್ಕಿದಳು. "ನಿನ್ನೆ ಎಂಟಕ್ಕ ಪಂಪು ಹೊತ್ತವರು ಯಾರ್ರಿ? ನಿಮ್ಮನ್ನ ನೋಡಿ ಓಣಿಯವರು ಗಡಿಯಾರ ಸರಿ ಮಾಡ್ಕೋತಾರ."

ನಾನು ಪೆನ್ನಿನ ಮುಚ್ಚಳ ಮತ್ತೆ ಹಾಕಿದೆ. ನೀಲವ್ವ ಮಾತ್ರ ಶಾಂತಳಾಗಿ, "ಗೊತ್ತೈತ್ರಿ ಕಾಕಾರ. ಅದಕ್ಕ ನಿಮ್ಮ ಕಡೆ ಬಂದೇನಿ. ಬ್ಯಾರೆಯವರು ಬರದ್ರ ನೀವು ಅದರಾಗ ತಪ್ಪು ಹುಡುಕತೀರಿ. ನೀವ ಬರದ್ರ ನೀವ ಪಾಲಸ್ತೀರಿ" ಎಂದಳು.

ಎಣ್ಣೆಯ ಬಾಟಲಿ ತರಿಸಿ ಅದರ ಮೇಲಿನ ಚೀಟಿ ಓದಿದೆ. ಹೂ ಬಿಟ್ಟಾಗ ಸಿಂಪಡಿಸಬಾರದು, ಜೇನಿಗೆ ಅಪಾಯ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿತ್ತು. ಕಾರ್ಖಾನೆಯ ಗೋಡೆಯ ಒಂದು ನೋಟೀಸನ್ನೂ ಬಿಡದೆ ಓದಿದವನು ಇದನ್ನು ಓದಿರಲಿಲ್ಲ. ಅಂಗಡಿಯವನು ಹೇಳಿರಲಿಲ್ಲ, ಹೇಳಬೇಕೆಂದು ಅವನಿಗೂ ಯಾರೂ ಹೇಳಿದಂತಿಲ್ಲ. ಆ ಪುಟ್ಟ ಅಕ್ಷರಗಳನ್ನೇ ನಂಬಿ ಸರಕಾರವೂ ಕೂತರೆ ಜೇನು ಉಳಿಯುವುದು ಹೇಗೆ? ನನ್ನಂಥ ಓದುಬಲ್ಲವನೇ ಹೀಗಾದರೆ, ಓದಲು ಬಾರದವರನ್ನು ದೂರುವುದು ಯಾವ ಬಾಯಿಂದ?

ಬರೆದೆ. ಜೇನು ಕೊಲ್ಲುವ ಎಣ್ಣೆಯನ್ನು ಹೂವಿನ ಕಾಲದಲ್ಲಿ ಮಾರಬಾರದು. ಮಾರುವವನು ಬಾಯಿಬಿಟ್ಟು ಎಚ್ಚರಿಕೆ ಹೇಳಬೇಕು. ಬೇರೆ ಎಣ್ಣೆಯಾದರೂ ಜೇನುಹುಳ ಗೂಡು ಸೇರಿದ ಮೇಲೆಯೇ ಹೊಡೆಯಬೇಕು. ಹೊಡೆಯುವವರ ಹೆಸರನ್ನು ಪಂಚಾಯತಿಯ ಕಸದ ಗಾಡಿಯ ಮೈಕಿನಲ್ಲಿ ಹಿಂದಿನ ದಿನವೇ ಸಾರಬೇಕು. ಕೊನೆಗೆ, "ಕೆಲವು ರೈತರ ಅಜಾಗ್ರತೆಯಿಂದ ಎರಡು ಪೆಟ್ಟಿಗೆ ನಾಶವಾಗಿವೆ" ಎಂದು ಮುಗಿಸಿದೆ.

"ಕೆಲವು ಅಂದ್ರ ಎಷ್ಟು ಮಂದಿರಿ?" ನೀಲವ್ವ ಕೇಳಿದಳು.

"ಕೆಲವು ರೈತರ" ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ.

ಮಧ್ಯಾಹ್ನ ಪಂಚಾಯತಿಯ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ. "ಅಜ್ಜಾರ, ದೂರು ಕೊಟ್ಟವರೂ ನೀವ, ತಪ್ಪು ಮಾಡಿದವರೂ ನೀವ. ಇದನ್ನ ಯಾವ ಫೈಲಿನಾಗ ಇಡ್ಲಿ?"

"ಮ್ಯಾಲೆ ಕಳಸು, ತಮ್ಮಾ. ಫೈಲಿನಾಗ ಇಡಬ್ಯಾಡ" ಎಂದೆ. ಗ್ರಾಮಸಭೆಯ ಮುಂದಿಟ್ಟು, ಠರಾವಾದರೆ ಕೃಷಿ ಇಲಾಖೆಗೆ ಕಳಿಸುತ್ತೇನೆಂದ. ಸ್ವೀಕೃತಿಗೆ ಸೀಲು ಹಾಕಿಸಿಕೊಂಡು, ಅದನ್ನು ನೆಟ್ಟಗೆ ನೀಲವ್ವನ ಹೊಲಕ್ಕೆ ಒಯ್ದೆ. ಅವಳು ಎರಡು ಖಾಲಿ ಪೆಟ್ಟಿಗೆಗಳನ್ನು ತೊಳೆದು ಬಿಸಿಲಿಗಿಡುತ್ತಿದ್ದಳು.

"ಹಂಗಾರ ಮೂರು ಪೆಟ್ಟಿಗಿ ಉಳಿಸ್ಕೋತೀ ಹೌದಲ್ಲ?" ಎಂದು ಕೇಳಿದೆ.

ಅವಳು ಸೀಲನ್ನು ನೋಡಿದಳು, ನನ್ನನ್ನು ನೋಡಿದಳು. "ಸರಕಾರದ್ದು ಆಮ್ಯಾಲೆ ನೋಡೂಣ್ರಿ. ಮೊದಲ ನಿಮ್ಮ ಸೋಮವಾರ ಒಂದು ದಾಟ್ಲಿ" ಎಂದಳು.

ಮನೆಗೆ ಬಂದು ಪಂಪಿನ ಪಟ್ಟಿ ಬಿಚ್ಚಿ, ಪಂಪನ್ನೇ ಗಿರಿಜವ್ವನ ವಶಕ್ಕೆ ಕೊಟ್ಟೆ. ಅವಳು ಒಳಗಿಟ್ಟು ಬೀಗ ಹಾಕಿದಳು. ಕೀಲಿ ಎಲ್ಲಿಟ್ಟಳೆಂದು ನಾನು ಕೇಳಲಿಲ್ಲ.